ಒಂದನೇ ಇಯತ್ತೆಯ ಮೊದಲ ಹನ್ನೆರಡು ವಾರ

ಜೂನ್ 15ರ ಹೊತ್ತಿಗೆ ಪುಣೆಯ ಶಾಲೆಗಳು ತೆರೆಯುತ್ತವೆ. ಅಷ್ಟರಲ್ಲಿ ಮಳೆ ಒಂದೆರಡು ಸಲ ಬಂದುಹೋಗಿರುತ್ತದೆ. ಪ್ರವೇಶೋತ್ಸವ ಎಂದು ಬಾಗಿಲಿಗೆ ತೋರಣ ಕಟ್ಟಿ, ಅಂಗಳಕ್ಕೆ ರಂಗೋಲಿ ಹಾಕಿ, ಹೊಸದಾಗಿ ಬಂದ ಮಕ್ಕಳ ಕೈಗೆ ಹೂವು, ಪುಸ್ತಕ ಕೊಟ್ಟು ಒಳಗೆ ಕರೆದುಕೊಳ್ಳುತ್ತಾರೆ. ಚೆಂದದ ಪದ್ಧತಿ. ಆದರೆ ನನಗೆ ಚಿಂತೆ ಇರುವುದು ಮರುದಿನದ್ದು. ಆ ಮಗು ಪಾಟಿಯ ಮೇಲೆ ಒಂದೇ ಅಕ್ಷರವನ್ನು ಬೆರಳು ನೋಯುವವರೆಗೆ ತಿದ್ದುತ್ತ ಕೂತಿರುತ್ತದೋ, ನೆಲದ ಮೇಲೆ ಹುಣಸೆ ಬೀಜ ಹರಡಿಕೊಂಡು ಪಕ್ಕದ ಹುಡುಗಿಯ ಜೊತೆ ಲೆಕ್ಕಕ್ಕಾಗಿ ಜಗಳಕ್ಕೆ ಬಿದ್ದಿರುತ್ತದೋ? ಹುಣಸೆ ಬೀಜದ ತರಗತಿಯಲ್ಲೇ ಮುಂದೆ ಓದು, ಲೆಕ್ಕ ಎರಡೂ ಗಟ್ಟಿಯಾಗಿ ಬರುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅದರಲ್ಲೂ ಈ ಊರಿನ ಕನ್ನಡ ಮಕ್ಕಳ ಮಟ್ಟಿಗೆ ಬೇರೆ ದಾರಿಯೇ ಇಲ್ಲ.

ಪುಣೆಯಲ್ಲಿ ಕನ್ನಡದ ಮಗು ಎಂದರೆ ಒಂದೇ ಬಗೆಯ ಮಗುವಲ್ಲ. ಹಿಂಜವಡಿ, ವಾಕಡದ ಅಪಾರ್ಟ್‌ಮೆಂಟುಗಳಲ್ಲಿ ಸಾಫ್ಟ್‌ವೇರ್ ಕೆಲಸದವರ ಮಕ್ಕಳಿದ್ದಾರೆ. ತಲೆಮಾರುಗಳಿಂದ ಇಲ್ಲೇ ನೆಲೆನಿಂತವರ ಮಕ್ಕಳಿದ್ದಾರೆ. ಅಂಥವರಿಗೆಂದೇ ಪುಣೆಯ ಕನ್ನಡ ಸಂಘ ಶಾಲೆಗಳನ್ನು ಕಟ್ಟಿ ನಡೆಸಿಕೊಂಡು ಬಂದಿದೆ. ಅದೇ ಅಪಾರ್ಟ್‌ಮೆಂಟುಗಳ ಪಕ್ಕದಲ್ಲಿ ಏಳುತ್ತಿರುವ ಹೊಸ ಕಟ್ಟಡಗಳ ತಗಡಿನ ಶೆಡ್ಡುಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದ ಗೌಂಡಿಗಳ, ಕೂಲಿಯವರ ಮಕ್ಕಳಿದ್ದಾರೆ. ಇವರಲ್ಲಿ ಎಷ್ಟೋ ಮಕ್ಕಳಿಗೆ ಮನೆಮಾತು ಲಂಬಾಣಿ, ಓಣಿಯ ಮಾತು ಕನ್ನಡ, ಶಾಲೆಯ ಮಾತು ಮರಾಠಿ. ಮೊದಲ ದಿನ ತರಗತಿಯಲ್ಲಿ ಅಕ್ಕೋರು ಹೇಳುವುದರಲ್ಲಿ ಅರ್ಧ ತಿಳಿಯುವುದೇ ಇಲ್ಲ. ಅಂಥ ಮಗುವಿನ ಮುಂದೆ ಪುಸ್ತಕ ಬಿಚ್ಚಿದರೆ ಅದು ದಡ್ಡ ಮಗು. ಕಲ್ಲು, ಬೀಜ, ಹಗ್ಗ, ಚೆಂಡು ಇಟ್ಟರೆ ಅದೇ ಮಗು ಎಲ್ಲರಿಗಿಂತ ಚುರುಕು. ನಾಲಗೆ ಹಿಂದೆ ಬಿದ್ದಿರಬಹುದು, ಕೈ ಬಿದ್ದಿಲ್ಲ. ಆಡುತ್ತ ಆಡುತ್ತ ‘ದೇ’ (ಕೊಡು), ‘ಘೇ’ (ತಗೋ), ‘ಮಾಝಾ’ (ನನ್ನದು), ‘ತುಝಾ’ (ನಿನ್ನದು) ಎಂಬ ಮರಾಠಿ ಮಾತುಗಳು ಯಾರೂ ಕಲಿಸದೆ ಬಾಯಿಗೆ ಬರುತ್ತವೆ, ಯಾಕೆಂದರೆ ಅವಿಲ್ಲದೆ ಆಟ ಮುಂದಕ್ಕೆ ಹೋಗುವುದಿಲ್ಲ.

ಈ ವಿಚಾರಕ್ಕೆ ಪುಣೆಯನ್ನೇ ಹಿಡಿದುಕೊಳ್ಳಲು ಇನ್ನೊಂದು ಕಾರಣವಿದೆ. ಮಹಾರಾಷ್ಟ್ರದ ಒಂದನೇ ಇಯತ್ತೆ, ಅಂದರೆ ಒಂದನೇ ತರಗತಿ, ತಯಾರಾಗುವುದೇ ಈ ಊರಲ್ಲಿ. ರಾಜ್ಯದ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಇರುವುದು ಇಲ್ಲಿ. 1967ರಲ್ಲಿ ಹುಟ್ಟಿದ ಪಠ್ಯಪುಸ್ತಕ ಸಂಸ್ಥೆ ‘ಬಾಲಭಾರತಿ’ ಇರುವುದು ಇಲ್ಲಿಯ ಸೇನಾಪತಿ ಬಾಪಟ್ ರಸ್ತೆಯಲ್ಲಿ. ಮಹಾರಾಷ್ಟ್ರದ ಗಡಿಭಾಗದ ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಗಳ ಮಕ್ಕಳು ಓದುವ ಕನ್ನಡ ಪುಸ್ತಕ ಬೆಂಗಳೂರಿನದಲ್ಲ, ಬಾಲಭಾರತಿಯದು. ಹಾಗಾಗಿ ಪುಣೆಯ ಕಚೇರಿಗಳಲ್ಲಿ ಒಂದನೇ ಇಯತ್ತೆಯ ಬಗ್ಗೆ ಆಗುವ ತೀರ್ಮಾನ ಗಡಿನಾಡಿನ ಕನ್ನಡ ಮಗುವಿನ ದಿನಚರಿಯನ್ನೂ ಬದಲಿಸುತ್ತದೆ. 2023ರ ಜೂನ್‌ನಲ್ಲಿ ಜಿ-20 ದೇಶಗಳ ಶಿಕ್ಷಣ ಸಚಿವರು ಸೇರಿದ್ದೂ ಪುಣೆಯಲ್ಲೇ. ಚಿಕ್ಕ ಮಕ್ಕಳ ಓದು, ಬರಹ, ಲೆಕ್ಕದ ಬುನಾದಿ ಅಲ್ಲಿ ಮುಖ್ಯ ಚರ್ಚೆಯಾಗಿತ್ತು.

ಕಾಗದದ ಮೇಲೆ ಆಟಕ್ಕೆ ಈಗ ಒಳ್ಳೆಯ ಕಾಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನದನ್ನು ಒಂದೇ ಹಂತವೆಂದು ಕಂಡಿತು. ಮರುವರ್ಷ ಜುಲೈನಲ್ಲಿ ‘ವಿದ್ಯಾಪ್ರವೇಶ’ ಬಂತು. ಒಂದನೇ ತರಗತಿಗೆ ಬಂದ ಮಗುವಿಗೆ ಮೊದಲ ಮೂರು ತಿಂಗಳು, ಅಂದರೆ ಹನ್ನೆರಡು ವಾರ, ಆಟದ ಮೂಲಕವೇ ಶಾಲೆಯ ರೂಢಿ ಮಾಡಿಸಬೇಕೆಂಬುದು ಅದರ ಸಾರ. ಮಹಾರಾಷ್ಟ್ರ 2022ರಲ್ಲಿ ‘ಪಹಿಲೇ ಪಾವೂಲ್’ (ಮೊದಲ ಹೆಜ್ಜೆ) ಹೆಸರಿನಲ್ಲಿ ಶಾಲಾಪೂರ್ವ ತಯಾರಿಯ ಮೇಳ ಶುರುಮಾಡಿತು. ಆ ವರ್ಷ ಒಂದನೇ ಇಯತ್ತೆಗೆ ಬಂದ ಮಕ್ಕಳು ಕೊರೊನಾದಿಂದಾಗಿ ಅಂಗನವಾಡಿಯನ್ನು ಸರಿಯಾಗಿ ಕಂಡವರೇ ಅಲ್ಲ. ಏಪ್ರಿಲ್‌ನಲ್ಲಿ ಒಂದು ಮೇಳ, ಶಾಲೆ ತೆರೆಯುವಾಗ ಜೂನ್‌ನಲ್ಲಿ ಇನ್ನೊಂದು. ನಡುವಿನ ರಜೆಯಲ್ಲಿ ಒಂದೇ ಓಣಿಯ ತಾಯಂದಿರು ಗುಂಪು ಕಟ್ಟಿಕೊಂಡು ಮಕ್ಕಳಿಂದ ಚಟುವಟಿಕೆ ಮಾಡಿಸಬೇಕು.

ಮೇಳವೆಂದರೆ ಶಾಲೆಯ ಅಂಗಳದಲ್ಲಿ ಸಾಲಾಗಿ ಟೇಬಲ್ಲುಗಳು. ಒಂದು ಕಡೆ ಮಗು ಗೆರೆಯ ಮೇಲೆ ನಡೆಯಬೇಕು, ಒಂಟಿಗಾಲಲ್ಲಿ ಜಿಗಿಯಬೇಕು, ಕಾಗದ ಮಡಚಬೇಕು. ಇನ್ನೊಂದು ಕಡೆ ಬೆರೆಸಿಟ್ಟ ವಸ್ತುಗಳನ್ನು ಬೇರೆ ಮಾಡಬೇಕು, ಉದ್ದದ ಕಡ್ಡಿಯಿಂದ ಗಿಡ್ಡ ಕಡ್ಡಿಯವರೆಗೆ ಜೋಡಿಸಬೇಕು. ಚಿತ್ರ ನೋಡಿ ಮಾತಾಡಬೇಕು. ಯಾವ ರಾಶಿ ಹೆಚ್ಚು, ಯಾವುದು ಕಡಿಮೆ ಎಂದು ತೋರಿಸಬೇಕು. ತಾಯಿ ಪಕ್ಕದಲ್ಲೇ ನಿಂತು ನೋಡುತ್ತಾಳೆ. ಮಗುವಿಗೆ ಏನು ಸಲೀಸು, ಎಲ್ಲಿ ಸಹಾಯ ಬೇಕು ಎಂಬುದು ಒಂದು ಕಾರ್ಡಿನಲ್ಲಿ ದಾಖಲಾಗುತ್ತದೆ. ಆ ಕಡ್ಡಿಗಳ ಟೇಬಲ್ಲಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಐದು ಕಡ್ಡಿ ಸಿಕ್ಕ ಮಗು ಮೊದಲು ಎರಡನ್ನು ಹಿಡಿದು ಅಳೆಯುತ್ತದೆ. ಮೂರನೆಯದು ಬಂದಾಗ ಗಲಿಬಿಲಿ. ಒಂದರ ಪಕ್ಕ ಸರಿಯಾಗಿ ಕೂರುತ್ತದೆ, ಇನ್ನೊಂದರ ಪಕ್ಕ ಕೂರುವುದಿಲ್ಲ. ಎಲ್ಲ ಕಡ್ಡಿಗಳ ಬುಡ ಒಂದೇ ಗೆರೆಗೆ ಬರಬೇಕು ಎಂಬುದು ಮಗುವಿಗೆ ತಾನಾಗಿ ಹೊಳೆಯುವ ಗಳಿಗೆ ಇದೆಯಲ್ಲ, ಅದನ್ನು ಹೇಳಿಕೊಟ್ಟು ತರಿಸಲಿಕ್ಕಾಗದು. ಅಳತೆ ಎಂಬ ಇಡೀ ವಿದ್ಯೆಯ ಬೇರು ಅಲ್ಲಿದೆ.

‘ಸಾಲ್ಯಾಗ ಬರೇ ಆಡಸ್ತಾರ್ರಿ, ಏನೂ ಕಲಸಂಗಿಲ್ಲ’ ಎನ್ನುವುದು ಪಾಲಕರ ಸಾಮಾನ್ಯ ದೂರು. ಈ ಆತಂಕವನ್ನು ಹಗುರವಾಗಿ ಕಾಣಬಾರದು. ದಿನಗೂಲಿಯಲ್ಲಿ ಮನೆ ನಡೆಸುವವರು ಮಗು ಶಾಲೆಗೆ ಹೋಗಿ ಏನು ತಂದಿತು ಎಂದು ಲೆಕ್ಕ ನೋಡುವುದು ಸಹಜ. ನೋಟ್‌ಬುಕ್ಕಿನಲ್ಲಿ ತುಂಬಿದ ಅಕ್ಷರ ಕಣ್ಣಿಗೆ ಕಾಣುತ್ತದೆ, ಆಡಿದ ಆಟ ಕಾಣುವುದಿಲ್ಲ. ಉತ್ತರವಾಗಿ ಒಂದು ಸಮೀಕ್ಷೆಯನ್ನು ಮುಂದಿಡಬಹುದು. 2019ರ ‘ಅಸರ್’ ವರದಿ ದೇಶದ 26 ಜಿಲ್ಲೆಗಳಲ್ಲಿ ನಾಲ್ಕರಿಂದ ಎಂಟು ವರ್ಷದ ಮಕ್ಕಳನ್ನೇ ಗಮನಿಸಿತ್ತು. ವಿಂಗಡಿಸುವುದು, ಕ್ರಮವಾಗಿ ಜೋಡಿಸುವುದು, ಮಾದರಿ ಗುರುತಿಸುವುದು, ಚಿತ್ರದ ತುಂಡು ಕೂಡಿಸುವುದು, ಇಂಥವನ್ನು ಚೆನ್ನಾಗಿ ಮಾಡುವ ಮಕ್ಕಳೇ ಓದು ಮತ್ತು ಲೆಕ್ಕದಲ್ಲೂ ಮುಂದಿದ್ದರು. ಒಂದನೇ ತರಗತಿಯಲ್ಲಿ ಕೂತವರಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚು ಮಕ್ಕಳಿಗೆ ಇನ್ನೂ ಆರು ತುಂಬಿರಲಿಲ್ಲ ಎಂಬುದೂ ಅಲ್ಲೇ ಕಂಡಿತು. ಅಷ್ಟು ಎಳೆಯ ಮಗುವಿಗೆ ಪಾಟಿ ಪೇಣೆಯ ಅವಸರ ಯಾಕೆ?

ಹುಣಸೆ ಬೀಜದ ಮಾತಿಗೆ ಬರುತ್ತೇನೆ. ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿ ಚೌಕಾಬಾರ ಆಡಿದವರು ನಮ್ಮಲ್ಲಿ ಕಡಿಮೆ ಇಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಬಗೆಯ ಆಟದ ಮೇಲೆ ನಿಂತಿದೆ. ಬಡ ಮನೆಗಳ ಪುಟ್ಟ ಮಕ್ಕಳಿಗೆ ಒಂದರಿಂದ ಹತ್ತರವರೆಗೆ ಅಂಕಿ ಬರೆದ ಒಂದೇ ಸಾಲಿನ ಮನೆಗಳ ಆಟ ಕೊಟ್ಟರು. ಕಾಯಿ ನಡೆಸುವಾಗ ಆ ಮನೆಯ ಅಂಕಿಯನ್ನು ಬಾಯಲ್ಲಿ ಹೇಳಬೇಕು. ಇನ್ನೊಂದು ಗುಂಪಿಗೆ ಅಂಕಿಯ ಬದಲು ಬಣ್ಣದ ಮನೆಗಳು. ಎರಡು ವಾರದಲ್ಲಿ ನಾಲ್ಕು ಸಲ, ಒಟ್ಟು ಸುಮಾರು ಒಂದು ತಾಸು ಆಡಿದ್ದಷ್ಟೇ. ಅಂಕಿಯ ಆಟ ಆಡಿದ ಮಕ್ಕಳಿಗೆ ಸಂಖ್ಯೆಗಳ ಹಿರಿದು ಕಿರಿದು ಸ್ಪಷ್ಟವಾಗಿ ತಿಳಿಯಿತು, ವಾರಗಳ ನಂತರವೂ ಅದು ಉಳಿದಿತ್ತು. ಬಣ್ಣದ ಗುಂಪಿನಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಕಾರಣ ಸರಳ. ಎಂಟನೇ ಮನೆಗೆ ಹೋಗಲು ಮೂರನೇ ಮನೆಗಿಂತ ಹೆಚ್ಚು ಸಲ ಕಾಯಿ ಎತ್ತಿಡಬೇಕು, ಹೆಚ್ಚು ಅಂಕಿ ಹೇಳಬೇಕು, ಹೆಚ್ಚು ಹೊತ್ತು ಬೇಕು, ಕೈ ಹೆಚ್ಚು ದೂರ ಚಾಚಬೇಕು. ಎಂಟು ದೊಡ್ಡದು ಎನ್ನುವುದನ್ನು ಮೈಯೇ ಅರಿಯುತ್ತದೆ. ತರಗತಿಯ ಫರಸಿಯ ಮೇಲೆ ಸೀಮೆಸುಣ್ಣದಲ್ಲಿ ಹತ್ತು ಮನೆ ಬರೆಯಲು ಯಾವ ಅನುದಾನವೂ ಬೇಡ.

ಅಕ್ಷರದ ವಿಷಯದಲ್ಲಿ ನಮ್ಮ ಅವಸರ ಇನ್ನೂ ಅರ್ಥವಿಲ್ಲದ್ದು. ಕನ್ನಡ ಲಿಪಿಯಲ್ಲಿ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಬೆಂಗಳೂರಿನಲ್ಲಿ ಕನ್ನಡ ಓದಿನ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ ಸೊನಾಲಿ ನಾಗ್ 2007ರ ತಮ್ಮ ಅಧ್ಯಯನದಲ್ಲಿ, ಈ ಅಕ್ಷರಜ್ಞಾನ ಪೂರ್ತಿಯಾಗಲು ನಾಲ್ಕನೇ ತರಗತಿಯವರೆಗೂ ಹಿಡಿಯುತ್ತದೆ ಎಂದು ತೋರಿಸಿದರು. ಅಷ್ಟು ವರ್ಷದ ಪಯಣದಲ್ಲಿ ಹನ್ನೆರಡು ವಾರವನ್ನು ಕಿವಿಗೆ ಕೊಟ್ಟರೆ ನಷ್ಟವೇನೂ ಇಲ್ಲ. ‘ಕಮಲ’ ಎನ್ನುತ್ತ ಮೂರು ಚಪ್ಪಾಳೆ, ‘ಅಕ್ಕ’ ಎನ್ನುತ್ತ ಎರಡು. ನಮ್ಮ ಲಿಪಿಯ ಅನುಕೂಲವೆಂದರೆ ಬಾಯಲ್ಲಿ ಬಿದ್ದ ಚಪ್ಪಾಳೆಯೂ ಬರೆದಾಗ ಕಾಣುವ ಅಕ್ಷರವೂ ಬಹುಮಟ್ಟಿಗೆ ಒಂದಕ್ಕೊಂದು ತಾಳೆಯಾಗುತ್ತವೆ. ಚಪ್ಪಾಳೆ ಆಟ ಆಡಿದ ಮಗುವಿಗೆ ಪುಸ್ತಕದಲ್ಲಿ ‘ಕಮಲ’ ಕಂಡಾಗ ಮೂರು ಗುರುತುಗಳು ಯಾಕಿವೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ದೇವನಾಗರಿಗೂ ಇದೇ ನಿಯಮ. ಜತ್ತದ ಮಗು ಕನ್ನಡದಲ್ಲಿ ಆಡಿದ್ದು ಮರಾಠಿ ಕಲಿಯುವಾಗಲೂ ದಕ್ಕುತ್ತದೆ.

ಇದೆಲ್ಲ ಹೊರಗಿಂದ ತಂದ ಹೊಸ ವಿಚಾರವೆಂದು ತಿಳಿಯಬೇಕಿಲ್ಲ. ಪುಣೆ ಜಿಲ್ಲೆಯ ಮೋರಗಾಂವ್, ಅಷ್ಟವಿನಾಯಕಗಳಲ್ಲಿ ಮೊದಲನೆಯ ಮಯೂರೇಶ್ವರನ ಊರು. 1910ರಲ್ಲಿ ಅಲ್ಲಿ ಹುಟ್ಟಿದ ಅನುತಾಯಿ ವಾಘ್ ಬಾಲ್ಯದಲ್ಲೇ ವಿಧವೆಯಾದವರು, ಓದಿ ಶಿಕ್ಷಕಿಯಾದರು. 1945ರಲ್ಲಿ ಬೋರ್ಡಿ ಎಂಬ ಊರಿಗೆ ಹೋಗಿ ತಾರಾಬಾಯಿ ಮೋಡಕರ ಜೊತೆ ಬಾಲವಾಡಿಯ ಕೆಲಸಕ್ಕೆ ನಿಂತರು. ವಾರಲಿ ಸಮುದಾಯದ ಮಕ್ಕಳು ಬಾಲವಾಡಿಗೆ ಬರಲಿಲ್ಲ. ಆಗ ಇವರೇ ಅವರ ಹಟ್ಟಿಯ ಅಂಗಳಕ್ಕೆ ಹೋದರು. ಮೊದಲ ಕೆಲಸ ಮುಖ ತೊಳೆಸುವುದು, ತಲೆ ಬಾಚುವುದು. ಆಮೇಲೆ ಅಲ್ಲೇ ಸಿಕ್ಕ ಎಲೆ, ಬೀಜ, ಚಿಪ್ಪು, ಬೆಣಚುಕಲ್ಲುಗಳಿಂದ ಆಟ. ಮಾಂಟೆಸ್ಸರಿಯ ದುಬಾರಿ ಮರದ ಸಾಮಾನು ಮಾಡುತ್ತಿದ್ದ ಕೆಲಸವನ್ನು ಕಾಡಿನ ಕಾಯಿಗಳು ಮಾಡಿದವು. ದನ ಕಾಯುವ ಮಕ್ಕಳಿಗೆ ಹುಲ್ಲುಗಾವಲಿನಲ್ಲೇ ಶಾಲೆ ಹೂಡಿದರು. ಇಂದು ದೇಶದ ಊರೂರಲ್ಲಿರುವ ಅಂಗನವಾಡಿಯ ಹಿಂದೆ ಈ ಇಬ್ಬರು ಹೆಂಗಸರ ಬೆವರಿದೆ. ನಮ್ಮ ಶಿಕ್ಷಕರ ತರಬೇತಿಗಳಲ್ಲಿ ಫಿನ್ಲೆಂಡ್ ಹೆಸರು ಬರುವಷ್ಟು ಸಲ, ಇವರ ಕೆಲಸ ಮುಂದೆ ನೆಲೆಗೊಂಡ ಕೋಸಬಾಡದ ಹೆಸರು ಬಂದರೆ ನನಗೆ ಸಂತೋಷ.

ಅರವಿಂದ ಗುಪ್ತಾ ಅವರನ್ನೂ ಇಲ್ಲಿ ನೆನೆಯಬೇಕು. ಐಐಟಿ ಎಂಜಿನಿಯರ್ ಆಗಿ ಪುಣೆಯ ಟೆಲ್ಕೊ ಕಾರ್ಖಾನೆ ಸೇರಿದ್ದವರು, ಅದನ್ನು ಬಿಟ್ಟು ಕಸದಿಂದ ಆಟಿಕೆ ಮಾಡುವುದನ್ನೇ ಬದುಕಾಗಿಸಿಕೊಂಡರು; ಪುಣೆ ವಿಶ್ವವಿದ್ಯಾಲಯದ ಆವರಣದ ಅಯುಕಾ ಖಗೋಳ ಸಂಸ್ಥೆಯ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ವರ್ಷಗಟ್ಟಲೆ ದುಡಿದರು. ಕಡ್ಡಿಪೆಟ್ಟಿಗೆಯ ಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡು, ಇಷ್ಟೇ ಅವರ ಸಾಮಾನು. ಮೂರು ಕಡ್ಡಿ ಜೋಡಿಸಿದ ತ್ರಿಕೋನ ಒತ್ತಿದರೂ ಅಲುಗುವುದಿಲ್ಲ, ನಾಲ್ಕರ ಚೌಕ ವಾಲಿಬಿಡುತ್ತದೆ. ಪರಾಂಚಿ, ಅಂದರೆ ಕಟ್ಟಡದ ಸಾರ್ವೆ, ಕಟ್ಟುವಾಗ ಅಡ್ಡಕ್ಕೊಂದು ಓರೆ ಗಳ ಯಾಕೆ ಬಿಗಿಯುತ್ತಾರೆ ಎಂಬುದು ಗೌಂಡಿಯ ಮಗುವಿಗೆ ಆಗ ಸಟ್ಟನೆ ಗೊತ್ತಾಗುತ್ತದೆ. ಅದು ಅಪ್ಪನ ಕೆಲಸದ ವಿದ್ಯೆ.

ಆಟ ಎಂಬ ಹೆಸರಿನಲ್ಲಿ ನಡೆಯುವುದೆಲ್ಲ ಆಟವಲ್ಲ ಎನ್ನುವುದನ್ನೂ ಹೇಳಲೇಬೇಕು. ಧ್ವನಿವರ್ಧಕದಲ್ಲಿ ಹಾಡು ಹಾಕಿ, ಅರವತ್ತು ಮಕ್ಕಳು ಒಂದೇ ತರ ಕೈ ಎತ್ತಿ ಇಳಿಸಿದರೆ ಅದು ಕವಾಯತು. ಮಗುವಿಗೆ ಆರಿಸಿಕೊಳ್ಳಲು ಏನಾದರೂ ಇರಬೇಕು, ತಪ್ಪಿದರೆ ಮತ್ತೆ ಮಾಡಲು ಸಮಯವಿರಬೇಕು. ಶಿಕ್ಷಕಿಯ ಜಾಣತನ ಇರುವುದು ಯಾವ ಸಾಮಾನನ್ನು ಎಲ್ಲಿಡಬೇಕು, ಯಾವ ಗಳಿಗೆಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ ಸುಮ್ಮನಾಗಬೇಕು ಎಂಬುದರಲ್ಲಿ. ಇದು ಕಷ್ಟದ ಕೆಲಸ. ನಮ್ಮ ಕರ್ನಾಟಕದ ಚಟುವಟಿಕೆ ಕಲಿಕೆಯ ಪದ್ಧತಿ ‘ನಲಿಕಲಿ’ 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರ ಉತ್ಸಾಹದಿಂದ ಹುಟ್ಟಿ, 2009ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಹರಡಿತು. ಒಳಗಿಂದ ಹುಟ್ಟಿದಾಗ ಇದ್ದ ಕಸುವು ಆದೇಶವಾಗಿ ಬಂದ ಎಲ್ಲ ಕಡೆ ಉಳಿಯಲಿಲ್ಲ. ಪದ್ಧತಿಯ ಕಾರ್ಡು, ಕಲಿಕೆಯ ಏಣಿ, ಗುಂಪಿನ ತಟ್ಟೆಗಳಷ್ಟೇ ಉಳಿದವು. ಪುಣೆಯ ಯೋಜಕರು ನೋಡಿ ಕಲಿಯಬೇಕಾದ್ದು ಇದನ್ನು.

2025ರ ಬೇಸಿಗೆಯಲ್ಲಿ ಮಹಾರಾಷ್ಟ್ರದ ಒಂದನೇ ಇಯತ್ತೆ ದೇಶದ ಸುದ್ದಿಯಾಯಿತು. ಹಿಂದಿಯನ್ನು ಮೂರನೇ ಭಾಷೆಯಾಗಿ ಒಂದನೇ ತರಗತಿಯಿಂದಲೇ ಕಲಿಸುವ ಆದೇಶ ಏಪ್ರಿಲ್‌ನಲ್ಲಿ ಬಂತು, ಜೂನ್‌ನಲ್ಲಿ ತಿದ್ದುಪಡಿಯಾಯಿತು, ಆ ತಿಂಗಳ ಕೊನೆಯಲ್ಲಿ ಹಿಂದಕ್ಕೆ ಹೋಯಿತು. ಎಳೆಯ ಮಗುವಿನ ತಲೆಗೆ ಇಷ್ಟು ಭಾರ ಬೇಡ ಎಂದವರ ಮಾತು ನನಗೆ ಸರಿ ಎನಿಸಿತ್ತು. ಆ ಕಾಳಜಿ ಇಂಗ್ಲಿಷ್ ನರ್ಸರಿಗಳ ಕಡೆಗೂ ತಿರುಗಬೇಕಿತ್ತು. ನಾಲ್ಕು ವರ್ಷದ ಮಗುವಿಗೆ ಕೂಡುಬರಹ ತಿದ್ದಿಸುವ, ಮನೆಗೆಲಸ ಕೊಡುವ ನರ್ಸರಿಗಳಿಗೆ ಕನ್ನಡ ಮನೆಗಳವರೂ ಸಾಲು ಹಚ್ಚುತ್ತಾರೆ. ಎರಡನೇ ತರಗತಿಯವರೆಗೆ ಮನೆಗೆಲಸವೇ ಬೇಡ ಎಂದು ಕೇಂದ್ರದ 2020ರ ಶಾಲಾಚೀಲ ನೀತಿ ಹೇಳುತ್ತದೆ. ಮೊದಲ ಪಾಲಕರ ಸಭೆಯಲ್ಲಿ ಇದನ್ನು ಎದ್ದು ಕೇಳುವ ಹಕ್ಕು ಎಲ್ಲ ಅಪ್ಪ ಅಮ್ಮಂದಿರಿಗೂ ಇದೆ.

ಮೊದಲು ಹೇಳಿದ ತಗಡಿನ ಶೆಡ್ಡಿನ ಮಕ್ಕಳಿಗೆ ಮಾತ್ರ ಜೂನ್‌ನ ಲೆಕ್ಕ ಹೊಂದುವುದಿಲ್ಲ. ಊರಲ್ಲಿ ಹೊಲದ ಕೆಲಸ ಮುಗಿಸಿ, ದೀಪಾವಳಿ ಮಾಡಿಕೊಂಡು ಪುಣೆಗೆ ಬರುವ ಕುಟುಂಬಗಳಿವೆ. ಕಟ್ಟಡ ಮುಗಿದರೆ ಇನ್ನೊಂದು ಕಡೆಗೆ. ಮುಂಬೈಯಲ್ಲಿ 1988ರಲ್ಲಿ ಶುರುವಾಗಿ 1993ರಲ್ಲಿ ಪುಣೆಗೆ ಬಂದ ‘ಡೋರ್ ಸ್ಟೆಪ್ ಸ್ಕೂಲ್’ ಸಂಸ್ಥೆ ಇಂಥ ಮಕ್ಕಳಿಗಾಗಿಯೇ ಕೆಲಸ ಮಾಡುತ್ತ ಬಂದಿದೆ. ಕಟ್ಟಡದ ಸೈಟಿನಲ್ಲೇ ತರಗತಿ, ಬಸ್ಸಿನೊಳಗೆ ತರಗತಿ, ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸುವ ಓಡಾಟ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವರ್ಷದ ನಡುವೆ ಬಂದ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ. ಆದರೆ ನವೆಂಬರಿನಲ್ಲಿ ಬಂದ ಯಾದಗಿರಿಯ ಹುಡುಗಿ ತರಗತಿಗೆ ಕಾಲಿಡುವ ಹೊತ್ತಿಗೆ ಹನ್ನೆರಡು ವಾರದ ಆಟ ಮುಗಿದು, ಬೀಜ ಕಡ್ಡಿಗಳ ಪೆಟ್ಟಿಗೆ ಕಪಾಟು ಸೇರಿ, ಉಳಿದ ಮಕ್ಕಳು ಕಾಗುಣಿತದಲ್ಲಿರುತ್ತಾರೆ. ಆಕೆಗೆ ಅಂದೇ ಜೂನ್ 15. ಆ ಪೆಟ್ಟಿಗೆ ವರ್ಷವಿಡೀ ಕಪಾಟಿನ ಹೊರಗಿರಬೇಕು; ಈಗಾಗಲೇ ಮರಾಠಿ ಕಲಿತ ಇಬ್ಬರು ಕನ್ನಡ ಮಕ್ಕಳನ್ನು ಆಕೆಯ ಜೊತೆ ಆಡಲು ಕೂರಿಸಬೇಕು; ಕನಿಷ್ಠ ಒಂದು ತಿಂಗಳು ಆಕೆಯನ್ನು ಉಳಿದವರ ಜೊತೆ ಪರೀಕ್ಷೆಗೆ ಹಚ್ಚಬಾರದು. ಪುಣೆಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಒಂದು ಸುತ್ತೋಲೆಯಲ್ಲಿ ಇಷ್ಟನ್ನು ಬರೆದು ಕಳಿಸಿದರೆ ಶಾಲೆಗಳು ಈ ದೀಪಾವಳಿಯ ನಂತರವೇ ಶುರುಮಾಡಬಹುದು.