ಭಾರವಾದ ಮೋಟಾರು ಸೈಕಲ್ಲೂ ಅಶಕ್ತ ದೇಹವೂ

ಭಾರವಾದ ಮೋಟಾರು ಸೈಕಲ್ಲು ಬಲಾಢ್ಯರ ಸೊತ್ತೆಂಬ ನಂಬಿಕೆ ನಮ್ಮ ಜನರಲ್ಲಿ ಬೇರೂರಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ಊರುಗಳ ಸುತ್ತಿನಲ್ಲಿ ಬುಲೆಟ್ಟು ಗಾಡಿಯನ್ನು ಇಪ್ಪತ್ತು ಮೂವತ್ತು ವರ್ಷಗಳಿಂದ ಓಡಿಸಿಕೊಂಡು ಬಂದ ತೋಟಗಾರರೂ ಉಪಾಧ್ಯಾಯರೂ ವರ್ತಕರೂ ಹಲವರುಂಟು. ಮೊಣಕಾಲು ಸವೆದೊಡನೆ, ಸೊಂಟ ಹಿಡಿದೊಡನೆ, ಬೆರಳುಗಳ ಹಿಡಿತ ಸಡಿಲಿದೊಡನೆ ಇವರಿಗೆ ಮನೆಯವರು ಹೇಳುವ ಮೊದಲ ಮಾತು “ಅದನ್ನು ಮಾರಿಬಿಡಿ” ಎಂಬುದು. ಪಟ್ಟಣದ ಶ್ರೋತೃಗಳಿಗೆ ಇದು ಸಣ್ಣ ಸಲಹೆಯೆಂದು ತೋರಬಹುದು. ಬಸ್ಸು ದೊಡ್ಡ ರಸ್ತೆಯಲ್ಲಿಯೇ ಇಳಿಸಿ ಹೋಗುವ, ತೋಟವು ಅಲ್ಲಿಂದ ಎರಡು ಮೈಲಿ ಒಳಗಿರುವ ಮನುಷ್ಯನಿಗಾದರೋ, ಗಾಡಿಯನ್ನು ಮಾರುವುದೆಂದರೆ ಇಷ್ಟಬಂದಾಗ ಹೋಗಿಬರುವ ಸ್ವಾತಂತ್ರ್ಯವನ್ನು ಮಕ್ಕಳ ಬಿಡುವಿಗೆ ಒತ್ತೆಯಿಡುವುದೇ ಸರಿ. ಆದುದರಿಂದ ಮಾರುವ ಮುಂಚೆ, ಯಾವ ಕೆಲಸಕ್ಕೆ ನಿಜವಾಗಿ ಬಲ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ವಿಚಾರಮಾಡುವುದು ಯುಕ್ತ.

ಈಗಿನ ೩೫೦ ಸಿ.ಸಿ. ಬುಲೆಟ್ಟು ಪೆಟ್ರೋಲು, ಎಣ್ಣೆ ಸಹಿತ ಸುಮಾರು ೧೯೫ ಕಿಲೋಗ್ರಾಂ ತೂಗುತ್ತದೆ. ನೆಟ್ಟಗೆ ನಿಂತಿರುವಾಗ ಈ ಭಾರವನ್ನೆಲ್ಲ ಹೊರುವುದು ನೆಲ, ಸವಾರನಲ್ಲ. ಗುರುತ್ವಕೇಂದ್ರವು ನೆಲದಿಂದ ಅರ್ಧ ಮೀಟರು ಎತ್ತರದಲ್ಲಿಯೂ ಹ್ಯಾಂಡಲ್ಲಿನ ಹಿಡಿಯು ಒಂದು ಮೀಟರು ಎತ್ತರದಲ್ಲಿಯೂ ಇವೆಯೆಂದು ಸ್ಥೂಲವಾಗಿ ಇಟ್ಟುಕೊಳ್ಳೋಣ. ಗಾಡಿ ೫ ಡಿಗ್ರಿ ವಾಲಿದಾಗ ಹಿಡಿಯಲ್ಲಿ ತಡೆಯಬೇಕಾದ ಭಾರ ಎಂಟೂವರೆ ಕಿಲೋ; ೧೦ ಡಿಗ್ರಿಗೆ ೧೭ ಕಿಲೋ; ೩೦ ಡಿಗ್ರಿಗೆ ೪೯ ಕಿಲೋ, ಎಂದರೆ ಹೆಚ್ಚು ಕಡಮೆ ಒಂದು ಅಕ್ಕಿಮೂಟೆ. ಐದು ಡಿಗ್ರಿಯಲ್ಲಿ ಶಾಲೆಯ ಹುಡುಗಿಯೂ ತಡೆದಾಳು. ಮೂವತ್ತರಲ್ಲಿ ಪೈಲ್ವಾನನೂ ಕೈಬಿಟ್ಟಾನು. ಹೀಗಾಗಿ ಅಶಕ್ತನು ಕಲಿಯತಕ್ಕ ವಿದ್ಯೆಯೆಲ್ಲವೂ ಗಾಡಿಯನ್ನು ಹತ್ತು ಡಿಗ್ರಿಯೊಳಗೆ ಇರಿಸಿಕೊಳ್ಳುವುದರಲ್ಲಿದೆ.

ತಳ್ಳುವಾಗ ಎಡಬದಿಯಲ್ಲಿ ನಿಂತು ಸೊಂಟವನ್ನು ಆಸನಕ್ಕೆ ಒರಗಿಸಿ, ಗಾಡಿಯನ್ನು ಕೂದಲೆಳೆಯಷ್ಟು ತನ್ನ ಕಡೆಗೆ ವಾಲಿಸಿಕೊಂಡು ನಡೆಯಬೇಕು. ಆಚೆಗೆ ವಾಲಿದ ಗಾಡಿಯನ್ನು ಎಳೆದು ನಿಲ್ಲಿಸುವುದು ಕಷ್ಟ. ಹ್ಯಾಂಡಲ್ಲು ತಿರುಗಿರುವಾಗ ಮುಂದಿನ ಬ್ರೇಕನ್ನು ತಟ್ಟನೆ ಹಿಡಿಯಬಾರದು. ನಡಿಗೆಯ ವೇಗದಲ್ಲಿ ಗಾಡಿಗಳು ಮಗುಚಿಕೊಳ್ಳುವುದಕ್ಕೆ ಇದು ಒಂದು ಮುಖ್ಯ ಕಾರಣ. ಇಳಿಜಾರಿನಲ್ಲಿ ಮುಂಚಕ್ರವನ್ನು ಕೆಳಮುಖವಾಗಿ ಗೋಡೆಗೆ ಒಡ್ಡಿ ನಿಲ್ಲಿಸಿದವನು ಮತ್ತೆ ಅದನ್ನು ಹಿಂದಕ್ಕೆ ಎಳೆಯಲು ನೆರವಿಗಾಗಿ ಕಾಯಬೇಕಾಗುತ್ತದೆ. ನಿಲ್ಲಿಸುವಾಗಲೇ ಹೊರಡುವುದನ್ನು ಯೋಚಿಸತಕ್ಕದ್ದು.

ನಡುಸ್ಟ್ಯಾಂಡಿಗೆ ಹಾಕುವುದನ್ನು ಕೈಬಲದ ಕೆಲಸವೆಂದು ತಿಳಿದು ಬೆನ್ನು ನೋಯಿಸಿಕೊಳ್ಳುವವರು ಬಹಳ. ಸ್ಟ್ಯಾಂಡಿನ ಎರಡು ಕಾಲುಗಳೂ ನೆಲಕ್ಕೆ ತಾಗಿದುದನ್ನು ಗೊತ್ತುಮಾಡಿಕೊಂಡು, ಅದರ ಮೆಟ್ಟಿನ ಮೇಲೆ ಬಲಗಾಲನ್ನು ನೇರವಾಗಿಟ್ಟು ಮೈಭಾರವನ್ನೆಲ್ಲ ಬಿಟ್ಟರೆ ಗಾಡಿ ತಾನಾಗಿ ಮೇಲೇರುತ್ತದೆ; ಕೈ ಬರಿಯ ದಾರಿ ತೋರಿಸಿದರೆ ಸಾಕು. ಹಿಂದಿನ ಚಕ್ರದ ಕೆಳಗೆ ಒಂದಂಗುಲ ದಪ್ಪದ ಹಲಗೆಯಿದ್ದರೆ ಇನ್ನೂ ಸುಲಭ.

ಗಿಡ್ಡ ಆಳುಗಳಿಗೆ ಬೇರೊಂದು ತೊಡಕುಂಟು. ನಮ್ಮ ಎತ್ತರವೂ ಅಷ್ಟಕ್ಕಷ್ಟೆ. ಆಸನವು ನೆಲದಿಂದ ೮೦೫ ಮಿಲಿಮೀಟರು ಎತ್ತರದಲ್ಲಿದೆ. ನಮ್ಮ ರಸ್ತೆಗಳು ನಡುವೆ ಉಬ್ಬಿ ಅಂಚಿಗೆ ಇಳಿಯುವುದರಿಂದ, ಎಡಬದಿಯಲ್ಲಿ ನಿಲ್ಲುವವನ ಎಡಗಾಲಿಗೆ ನೆಲವು ಮತ್ತೂ ಒಂದಂಗುಲ ದೂರ. ಅಂಥ ಕಡೆ ಮುಂದಿನ ಬ್ರೇಕನ್ನು ಕೈಯಲ್ಲಿ ಹಿಡಿದು ಬಲಗಾಲನ್ನು ಊರುವುದು ಮೇಲು. ಎರಡೂ ಕಾಲುಗಳ ತುದಿಬೆರಳಿಗಿಂತ ಒಂದೇ ಕಾಲಿನ ಪೂರ್ಣ ಅಂಗಾಲು ಹೆಚ್ಚು ಭದ್ರ.

ಗಾಡಿಯನ್ನು ಹೊರಡಿಸುವುದು ಹಿಂದೆ ಮೊಣಕಾಲಿಗೆ ದೊಡ್ಡ ಪರೀಕ್ಷೆಯಾಗಿತ್ತು. ಹಳೆಯ ಬುಲೆಟ್ಟಿನಲ್ಲಿ ಸಿಲಿಂಡರಿನ ಒತ್ತಡವನ್ನು ಹೊರಬಿಡುವ ಪುಟ್ಟ ಹಿಡಿಯೊಂದಿದೆ. ಅದನ್ನು ಅಮುಕಿ ಪಿಸ್ಟನ್ನನ್ನು ಮೇಲ್ತುದಿಯಿಂದ ತುಸು ದಾಟಿಸಿ, ಹಿಡಿಯನ್ನು ಬಿಟ್ಟು, ಕಿಕ್ಕರನ್ನು ಮೇಲಕ್ಕೆ ಬರಗೊಟ್ಟು, ಆಮೇಲೆ ಮೈಭಾರದಿಂದ ಒಂದೇ ಸಲ ತುಳಿಯಬೇಕು. ಸಿಟ್ಟಿನಿಂದ ಹತ್ತು ಬಾರಿ ಒದೆಯುವವನಿಗೆ ಅದು ತಿರುಗಿ ಒದೆಯುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ೧೯೬೧ರಿಂದ ೧೯೯೬ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳಲ್ಲಿ ಇನ್ನೊಂದು ಜಾಣತನವಿತ್ತು: ಗೇರಿನ ಸನ್ನೆಯನ್ನು ಕಾಲಿನಿಂದ ಒತ್ತಿದೊಡನೆ ಕ್ಲಚ್ಚು ತಾನಾಗಿ ಬಿಡುತ್ತಿತ್ತು. ಎಡಗೈಯ ಹಿಡಿತ ಕುಂದಿದವರಿಗೆ ಇಂಥ ಉಪಕಾರವನ್ನು ಈಗಿನ ಎಷ್ಟೋ ಗಾಡಿಗಳು ಮಾಡವು. ೨೦೨೧ರಲ್ಲಿ ಹೊರಬಂದ ಹೊಸ ಕ್ಲಾಸಿಕ್ ಮಾದರಿಗೆ ಕಿಕ್ಕರೇ ಇಲ್ಲ, ಗುಂಡಿಯೊತ್ತಿದರೆ ಸಾಕು. ಮೊಣಕಾಲಿಗೆ ಹಿತ, ಆದರೆ ಬ್ಯಾಟರಿ ಸತ್ತ ದಿನ ಗಾಡಿ ಕಲ್ಲಾಗುತ್ತದೆ. ಪೆಟ್ರೋಲನ್ನು ಚಿಮ್ಮಿಸುವ ಪಂಪಿಗೂ ವಿದ್ಯುತ್ತು ಬೇಕಾದುದರಿಂದ ತಳ್ಳಿದರೂ ಹೊರಡುವುದೆಂಬ ಭರವಸೆಯಿಲ್ಲ. ತಳ್ಳಲಾರದವನು ಬ್ಯಾಟರಿಯನ್ನು ಕಾಲಕಾಲಕ್ಕೆ ಪರೀಕ್ಷಿಸಿ, ದುರ್ಬಲವೆಂದು ತೋರಿದೊಡನೆ ಬದಲಾಯಿಸುವುದೇ ಲೇಸು.

ದುರಸ್ತಿಯ ಮಾತಿಗೆ ಬಂದರೆ, ಗಾಡಿ ಭಾರವಾಯಿತೆಂದು ದೂರುವವರಲ್ಲಿ ಅನೇಕರ ಗಾಡಿಯ ಚಕ್ರಗಳಲ್ಲಿ ಗಾಳಿಯೇ ಕಡಮೆಯಿರುತ್ತದೆ. ಗಾಳಿ ಕಡಮೆಯಾದಷ್ಟೂ ತಳ್ಳುವುದೂ ತಿರುಗಿಸುವುದೂ ಕಠಿನ. ಕ್ಲಚ್ಚಿನ ತಂತಿ ಒಣಗಿ ತುಕ್ಕು ಹಿಡಿದಿದ್ದರೆ ಬೆರಳುಗಳು ಎರಡರಷ್ಟು ದುಡಿಯಬೇಕು. ಮೇಲ್ತುದಿಯಿಂದ ನಾಲ್ಕು ಹನಿ ಎಣ್ಣೆಯಿಳಿಸಿ, ಹಿಡಿಯಲ್ಲಿ ಎರಡು ಮೂರು ಮಿಲಿಮೀಟರು ಸಡಿಲ ಬಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ತಂತಿಯನ್ನು ಚೂಪಾಗಿ ಬಗ್ಗಿಸಿ ಕಟ್ಟಿರಬಾರದು. ಚೈನನ್ನು ಶುಚಿಮಾಡುವಾಗ ಬಗ್ಗಿ ಕುಕ್ಕರಗಾಲಿನಲ್ಲಿ ಕೂರುವ ಅಗತ್ಯವಿಲ್ಲ: ನಡುಸ್ಟ್ಯಾಂಡಿಗೆ ಹಾಕಿ, ಮಣೆಯ ಮೇಲೆ ಕುಳಿತು, ಎಂಜಿನನ್ನು ನಿಲ್ಲಿಸಿ, ಚಕ್ರವನ್ನು ಕೈಯಿಂದ ಹಿಂದಕ್ಕೆ ತಿರುಗಿಸುತ್ತ ಬಟ್ಟೆಯಿಂದ ಒರಸಬಹುದು. ಎಂಜಿನು ನಡೆಯುತ್ತಿರುವಾಗ ಬಟ್ಟೆ ಹಿಡಿದವರು ಬೆರಳು ಕಳೆದುಕೊಂಡದ್ದುಂಟು. ಬಿಗಿಯಾದ ನಟ್ಟಿಗೆ ಬಲಕ್ಕಿಂತ ಉದ್ದನೆಯ ಹಿಡಿಯ ಪಾನಾ ಬೇಕು. ಸನ್ನೆಕೋಲಿನ ಸೂತ್ರ ಇಲ್ಲಿಯೂ ಅದೇ.

ನಮ್ಮ ನಾಲ್ಕು ತಾಲ್ಲೂಕುಗಳ ರಸ್ತೆಗಳಿಗೆ ಒಂದೊಂದು ಸ್ವಭಾವ. ಚನ್ನಗಿರಿಯ ಕಡೆ ಅಡಿಕೆ ಸುಲಿಯುವ ಕಾಲದಲ್ಲಿ ಬದಿಗೆ ಸುರಿದ ಸಿಪ್ಪೆ ಮಳೆಗೆ ನೆನೆದರೆ ಸಾಬೂನಿನಂತೆ ಜಾರುತ್ತದೆ. ಹೊನ್ನಾಳಿ, ನ್ಯಾಮತಿಗಳ ಗದ್ದೆಬಯಲಿನಲ್ಲಿ ಟ್ರ್ಯಾಕ್ಟರು ಚಕ್ರಗಳು ತಂದ ಕೆಸರು ಟಾರಿನ ಮೇಲೆ ಅಂಟಿರುತ್ತದೆ. ಜಗಳೂರಿನ ಬಯಲುಸೀಮೆಯಲ್ಲಿ ರೈತರು ಕಾಳನ್ನು ಒಕ್ಕಲು ಪೈರನ್ನು ರಸ್ತೆಯ ಮೇಲೆಯೇ ಹರಡುತ್ತಾರೆ. ಅದರ ಮೇಲೆ ಬ್ರೇಕು ಹಿಡಿಯದೆ, ಹ್ಯಾಂಡಲ್ಲು ತಿರುಗಿಸದೆ, ಮೊದಲೇ ವೇಗ ತಗ್ಗಿಸಿ ನೇರವಾಗಿ ದಾಟಬೇಕು. ಎರೆಮಣ್ಣಿನಲ್ಲಿ ಓರೆಸ್ಟ್ಯಾಂಡು ಹೂತು ಗಾಡಿ ಮಲಗುವುದರಿಂದ ಅಂಗೈಯಗಲದ ತಗಡೊಂದು ಚೀಲದಲ್ಲಿರಲಿ.

ಬಿದ್ದ ಗಾಡಿಯನ್ನು ಎದುರು ನಿಂತು ಎತ್ತಬಾರದು. ಎಂಜಿನನ್ನು ನಿಲ್ಲಿಸಿ ಗೇರಿಗೆ ಹಾಕಿ, ಆಸನಕ್ಕೆ ಬೆನ್ನುಕೊಟ್ಟು ಕುಳಿತು, ಒಂದು ಕೈಯಲ್ಲಿ ಹ್ಯಾಂಡಲ್ಲನ್ನೂ ಇನ್ನೊಂದರಲ್ಲಿ ಹಿಂದಿನ ಸರಳನ್ನೂ ಹಿಡಿದು, ತೊಡೆಯ ಬಲದಿಂದ ಸಣ್ಣ ಹೆಜ್ಜೆಗಳಲ್ಲಿ ಹಿಂದಕ್ಕೆ ನಡೆಯಬೇಕು. ಮೊಣಕಾಲು ಅದಕ್ಕೂ ಒಪ್ಪದಿದ್ದರೆ ದಾರಿಹೋಕರನ್ನು ಕೂಗುವುದರಲ್ಲಿ ನಾಚಿಕೆಯಿಲ್ಲ.

ಬ್ರೇಕನ್ನು ಪೂರ್ಣವಾಗಿ ಹಿಡಿಯಲಾರದ ಕೈ, ಸಮಯಕ್ಕೆ ನೆಲಕ್ಕೂರದ ಕಾಲು, ಹಿಂದೆ ತಿರುಗಿ ನೋಡಲಾರದ ಕತ್ತು, ಇವುಗಳಲ್ಲಿ ಒಂದಿದ್ದರೂ ಭಾರದ ಗಾಡಿಯನ್ನು ಇದ್ದಂತೆಯೇ ಓಡಿಸುವುದು ಇತರರಿಗೂ ಅಪಾಯ. ಆಗ ಪಕ್ಕಕ್ಕೆ ಚಕ್ರಗಳನ್ನು ಕೂಡಿಸಿದ ಹಗುರವಾದ ಸ್ಕೂಟರು ಹೆಚ್ಚು ದೂರ ಕೊಂಡೊಯ್ಯುತ್ತದೆ. ೧೯೮೮ರ ಮೋಟಾರು ವಾಹನ ಕಾಯಿದೆಯಲ್ಲಿ ‘ಅಶಕ್ತರ ಗಾಡಿ’ ಎಂಬರ್ಥದ ಮಾತಿತ್ತು. ೨೦೧೯ರ ತಿದ್ದುಪಡಿ ಅದನ್ನು ತೆಗೆದು ‘ಅಳವಡಿಸಿದ ವಾಹನ’ ಎಂಬರ್ಥದ ಮಾತನ್ನಿಟ್ಟಿತು. ಇಂಥ ಮಾರ್ಪಾಟನ್ನು ಸಾರಿಗೆ ಕಚೇರಿಯಲ್ಲಿ ಅನುಮೋದನೆ ಪಡೆದು, ನೋಂದಣಿ ಪತ್ರದಲ್ಲಿ ಬರೆಯಿಸಿಕೊಳ್ಳತಕ್ಕದ್ದು. ಇಲ್ಲವಾದರೆ ಅಪಘಾತವಾದಾಗ ವಿಮೆಯ ಹಣಕ್ಕೆ ತಕರಾರು ಬರಬಹುದು.