255 ಲೀಟರ್ ಎಂಬ ಅರ್ಧಸತ್ಯ

ಟರ್ಬೊ ಕಾರಿನ ಶಕ್ತಿ ಹೆಚ್ಚಿಸಲು ಹೊರಟವರು ಮೊದಮೊದಲು ಕೊಳ್ಳುವ ಸಾಮಾನುಗಳಲ್ಲಿ ಫ್ಯುಯೆಲ್ ಪಂಪ್ ಒಂದು. ಡಬ್ಬದ ಮೇಲೆ ಗಂಟೆಗೆ 255 ಲೀಟರ್ ಎಂದಿರುತ್ತದೆ, ಹಳೆಯ ಪಂಪಿನದು ಅದಕ್ಕಿಂತ ಕಡಿಮೆ, ಹಾಗಾಗಿ ಹೊಸದೇ ವಾಸಿ ಎಂಬಲ್ಲಿಗೆ ವಿಚಾರಣೆ ಮುಗಿದುಹೋಗುತ್ತದೆ. ಆ ಅಂಕಿ ಸುಳ್ಳಲ್ಲ. ಆದರೆ ಎಷ್ಟು ಒತ್ತಡದಲ್ಲಿ, ಎಷ್ಟು ವೋಲ್ಟಿನಲ್ಲಿ ಎಂಬುದನ್ನು ಜೊತೆಗಿಟ್ಟು ಓದದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಅಷ್ಟಕ್ಕೂ ಪಂಪ್ ತಾನಾಗಿ ಒಂದು ಹಾರ್ಸ್‌ಪವರನ್ನೂ ಹುಟ್ಟಿಸದು. ಶಕ್ತಿ ಬರುವುದು ಟರ್ಬೊ ತುರುಕುವ ಹೆಚ್ಚುವರಿ ಗಾಳಿಯಿಂದ. ಆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಒದಗಿಸಿ ಪಿಸ್ಟನ್ ಕರಗದಂತೆ ಕಾಯುವುದಷ್ಟೇ ಪಂಪಿನ ಪಾಲಿಗೆ ಬಂದ ಕೆಲಸ.

ಟೊಯೋಟ 1993ರಲ್ಲಿ ಹೊರತಂದ ನಾಲ್ಕನೆಯ ತಲೆಮಾರಿನ ಸುಪ್ರಾವನ್ನೇ ನೋಡೋಣ. ಟ್ಯೂನಿಂಗ್ ಹುಚ್ಚು ಹಿಡಿದವರಿಗೆ ಇವತ್ತಿಗೂ ಅದೇ ಕುಲದೈವ. ಮೂರು ಲೀಟರಿನ, ಆರು ಸಿಲಿಂಡರಿನ ಅದರ ಅವಳಿ ಟರ್ಬೊ ಎಂಜಿನ್ ಅಮೆರಿಕದಲ್ಲಿ ಮಾರಾಟವಾದ ಕಾರುಗಳಲ್ಲಿ 320 ಹಾರ್ಸ್‌ಪವರ್ ಕೊಡುತ್ತಿತ್ತು. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಇಂಥ ಎಂಜಿನ್ ಒಂದು ಹಾರ್ಸ್‌ಪವರಿಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ಕುಡಿಯುತ್ತದೆ. ಅಂದರೆ 320ಕ್ಕೆ ಗಂಟೆಗೆ 117 ಲೀಟರ್ ಆಸುಪಾಸು. ಬೂಸ್ಟ್, ಅಂದರೆ ಟರ್ಬೊ ತಳ್ಳುವ ಗಾಳಿಯ ಒತ್ತಡ, ಏರಿಸಿ 500 ಹಾರ್ಸ್‌ಪವರಿಗೆ ಕೊಂಡೊಯ್ದರೆ ಸುಮಾರು 182 ಲೀಟರ್. ಕಾಗದದ ಮೇಲೆ 255 ಲೀಟರಿನ ಪಂಪಿಗೆ ಇನ್ನೂ ಕೈತುಂಬ ಉಳಿಯಿತು.

ಲೆಕ್ಕ ತಪ್ಪುವುದು ಒತ್ತಡದ ವಿಷಯದಲ್ಲಿ. ಎಂಜಿನ್ನಿಗೆ ಇಂಧನ ಚಿಮ್ಮುವ ಇಂಜೆಕ್ಟರಿನ ಹಿಂದೆ ಪೆಟ್ರೋಲ್ ಒತ್ತುತ್ತಿರುತ್ತದೆ, ಮುಂದೆ ಇನ್‌ಟೇಕ್ ಮ್ಯಾನಿಫೋಲ್ಡಿನ ಗಾಳಿ ಎದುರೊತ್ತುತ್ತಿರುತ್ತದೆ. ಇವೆರಡರ ಅಂತರವನ್ನು 3 ಬಾರ್ ಎಂದು ಕಾಯಲು ಒಂದು ರೆಗ್ಯುಲೇಟರ್ ಇದೆ. ಟರ್ಬೊ 1 ಬಾರ್ ಗಾಳಿ ತಳ್ಳಿತೆಂದರೆ ರೆಗ್ಯುಲೇಟರ್ ಪೆಟ್ರೋಲಿನ ಒತ್ತಡವನ್ನು 4 ಬಾರಿಗೆ ಏರಿಸಬೇಕು, 1.5 ಬಾರ್ ತಳ್ಳಿದರೆ 4.5ಕ್ಕೆ. ಬೋರ್‌ವೆಲ್ ಮೋಟರ್ ಇಟ್ಟ ರೈತರಿಗೆ ಇದರ ಪರಿಣಾಮ ಬಿಡಿಸಿ ಹೇಳಬೇಕಿಲ್ಲ: ಆಳ ಹೆಚ್ಚಿದಂತೆ ನೀರು ಸಣ್ಣದಾಗುತ್ತದೆ, ಕರೆಂಟು ಡಿಮ್ಮಾದರೆ ಇನ್ನೂ ಸಣ್ಣದಾಗುತ್ತದೆ. ಡಬ್ಬದ ಮೇಲಿನ 255 ಸಾಮಾನ್ಯವಾಗಿ 3 ಬಾರ್ ಆಸುಪಾಸಿನಲ್ಲಿ ಅಳೆದದ್ದು. ಎಂಜಿನ್ನಿಗೆ ಅತಿ ಹೆಚ್ಚು ಪೆಟ್ರೋಲ್ ಬೇಕಾದ ಹೊತ್ತು ಯಾವುದೋ, ಪಂಪಿನ ಕೈ ಸೋಲುವ ಹೊತ್ತೂ ಅದೇ.

ವೋಲ್ಟೇಜಿನ ಕಥೆಯೂ ಇಂಥದ್ದೇ. ಪಂಪ್ ಇರುವುದು ಹಿಂದಿನ ಟ್ಯಾಂಕಿನೊಳಗೆ, ಬ್ಯಾಟರಿ ಮುಂದೆ. ನಡುವೆ ಹಾದುಹೋಗುವ ಸಣ್ಣ ವೈರು, ಹಳೆಯ ಕನೆಕ್ಟರು, ರಿಲೇ ಎಲ್ಲ ತಂತಮ್ಮ ಪಾಲು ಕಚ್ಚಿಕೊಂಡ ಮೇಲೆ ಉಳಿದ ವೋಲ್ಟಷ್ಟೇ ಪಂಪಿಗೆ. ದೊಡ್ಡ ಪಂಪ್ ಎಳೆಯುವ ಕರೆಂಟೂ ಹೆಚ್ಚು, ಆದ್ದರಿಂದ ಅದೇ ವೈರಿನಲ್ಲಿ ಆಗುವ ವೋಲ್ಟೇಜ್ ನಷ್ಟವೂ ಹೆಚ್ಚು. ಸುಪ್ರಾದಲ್ಲಂತೂ ಪಂಪಿಗೆಂದೇ ಪ್ರತ್ಯೇಕ ನಿಯಂತ್ರಕವಿದೆ: ನಿಧಾನ ಓಡುವಾಗ ವೋಲ್ಟೇಜ್ ಇಳಿಸಿ, ಭಾರ ಬಿದ್ದಾಗ ಮಾತ್ರ ಪೂರ್ತಿ ಬಿಡುತ್ತದೆ. ಇದು ಗೊತ್ತಿದ್ದವರು ಪಂಪ್ ಮುಟ್ಟುವ ಮೊದಲು ವೈರಿಂಗ್ ದಪ್ಪ ಮಾಡುತ್ತಾರೆ. ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ.

ಪೆಟ್ರೋಲ್ ಸ್ವಲ್ಪ ಕಡಿಮೆಯಾದರೆ ಕಂಪ್ಯೂಟರ್ ಸರಿಮಾಡಿಕೊಳ್ಳುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸುಪ್ರಾ ಕಾಲದ ಬಹುತೇಕ ಕಾರುಗಳಲ್ಲಿ ಇಲ್ಲ. ಇಂಜೆಕ್ಟರನ್ನು ಎಷ್ಟು ಹೊತ್ತು ತೆರೆದಿಡಬೇಕೆಂದಷ್ಟೇ ಕಂಪ್ಯೂಟರಿಗೆ ಗೊತ್ತು; ಹಿಂದೆ ಒತ್ತಡ ಕುಸಿದದ್ದು ಗೊತ್ತಿಲ್ಲ. ಸೈಲೆನ್ಸರ್ ಕೊಳವೆಯ ಆಕ್ಸಿಜನ್ ಸೆನ್ಸರಿನ ಮಾತನ್ನು ಅದು ಕೇಳುವುದು ಸಾವಧಾನದ ಓಟದಲ್ಲಿ; ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮೊದಲೇ ಬರೆದಿಟ್ಟ ಕೋಷ್ಟಕವೇ ಗತಿ. ಇಂಜೆಕ್ಟರಿನಿಂದ ಹರಿಯುವ ಪೆಟ್ರೋಲ್ ಒತ್ತಡದ ವರ್ಗಮೂಲವನ್ನು ಅನುಸರಿಸುವುದರಿಂದ, 3 ಬಾರ್ ಅಂತರ 2.5ಕ್ಕೆ ಇಳಿದರೆ ಪೆಟ್ರೋಲ್ ಸುಮಾರು ಶೇ. 9ರಷ್ಟು ಕಡಿಮೆ. ಒಂದು ಭಾಗ ಪೆಟ್ರೋಲಿಗೆ 12 ಭಾಗ ಗಾಳಿ ಇದ್ದದ್ದು 13 ದಾಟುತ್ತದೆ. ಮೆಕ್ಯಾನಿಕ್‌ಗಳು ಲೀನ್ ಆಗುತ್ತಿದೆ ಎನ್ನುವುದು ಇದನ್ನೇ. ತಣಿಸುವ ಹೆಚ್ಚುವರಿ ಪೆಟ್ರೋಲ್ ಇಲ್ಲದೆ ಉರಿ ಏರುತ್ತದೆ, ಮಿಶ್ರಣ ತಾನಾಗಿ ಸಿಡಿಯುವ ನಾಕಿಂಗ್ ಶುರುವಾಗುತ್ತದೆ, ಪಿಸ್ಟನ್ ರಿಂಗ್‌ಗಳ ನಡುವಿನ ಅಂಚು ಒಡೆಯುತ್ತದೆ. ಮ್ಯಾನಿಫೋಲ್ಡಿನ ಒತ್ತಡವನ್ನು ರೆಗ್ಯುಲೇಟರಿಗೆ ತಿಳಿಸುವ ಬೆರಳು ದಪ್ಪವೂ ಇಲ್ಲದ ರಬ್ಬರ್ ಪೈಪು ಸೀಳಿದರೂ ಇದೇ ಪಾಡು. ಆಗ ಎಷ್ಟು ದೊಡ್ಡ ಪಂಪ್ ತಂದರೂ ವ್ಯರ್ಥ.

ಹಾಗಾದರೆ ಕಣ್ಣುಮುಚ್ಚಿ ಅತಿ ದೊಡ್ಡದನ್ನೇ ಹಾಕಿದರೆ ಕ್ಷೇಮವಲ್ಲವೇ? ಈ ವಾದದಲ್ಲಿ ಹುರುಳಿದೆ, ಹಳೆಯ ಫಿಲ್ಟರ್ ಕಟ್ಟಿಕೊಂಡಾಗ ಮಿಗಿಲು ಇದ್ದದ್ದು ಉಪಕಾರವೇ. ಆದರೆ ನಿಂತಲ್ಲೇ ಓಡುವ ಎಂಜಿನ್ನಿಗೆ ಗಂಟೆಗೆ ಒಂದೆರಡು ಲೀಟರ್ ಸಾಕು. ಮಿಕ್ಕಿದ್ದೆಲ್ಲ ರೆಗ್ಯುಲೇಟರಿನ ಕಿರಿದಾದ ಕಂಡಿಯಲ್ಲಿ ತೂರಿ ಟ್ಯಾಂಕಿಗೆ ಮರಳಬೇಕು. ಕಂಡಿ ಸಾಲದಾದರೆ ಒತ್ತಡ ತಾನೇ ಏರಿ ಮಿಶ್ರಣ ಕೆಡುತ್ತದೆ. ಪೆಟ್ರೋಲ್ ಪಂಪಿನ ಮೋಟರಿನೊಳಗಿಂದಲೇ ಹರಿದು ಅದನ್ನು ತಣಿಸುವುದರಿಂದ, ಸುತ್ತುತ್ತಾ ಸುತ್ತುತ್ತಾ ಟ್ಯಾಂಕಿನ ಪೆಟ್ರೋಲೇ ಬಿಸಿಯಾಗುತ್ತದೆ. ಬಿಸಿ ಪೆಟ್ರೋಲಿನಲ್ಲಿ ಆವಿಗುಳ್ಳೆ ಎದ್ದರೆ ಪಂಪಿನ ಹರಿವು ಮತ್ತೆ ಕುಸಿಯುತ್ತದೆ.

ನಮ್ಮ ಬಂಕುಗಳಲ್ಲಿ ಈಗ ಸಿಗುವ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಇದೆ. ಎಥನಾಲಿಗೆ ಗಾಳಿ ಕಡಿಮೆ ಸಾಕು, ಹಾಗಾಗಿ ಅಷ್ಟೇ ಗಾಳಿಗೆ ಶುದ್ಧ ಪೆಟ್ರೋಲಿಗಿಂತ ಸುಮಾರು ಶೇ. 8ರಷ್ಟು ಹೆಚ್ಚು ದ್ರವ ಬೇಕು. ಪಂಪಿನ ಲೆಕ್ಕ ಹಾಕುವಾಗ ಎಥನಾಲಿಗೆ ಒದಗುವ ಮಂಡ್ಯ, ಬೆಳಗಾವಿಯ ಕಬ್ಬನ್ನೂ ಸೇರಿಸಿಕೊಳ್ಳಬೇಕು. ಇನ್ನು ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮುವ ಹೊಸ ಟರ್ಬೊ ಕಾರುಗಳಲ್ಲಿ ಪಂಪ್ ಒಂದಲ್ಲ, ಎರಡು: ಟ್ಯಾಂಕಿನದು 5 ಬಾರ್ ಆಸುಪಾಸಿನಲ್ಲಿ ತಲುಪಿಸುತ್ತದೆ, ಕ್ಯಾಮ್‌ಶಾಫ್ಟಿನಿಂದ ನಡೆಯುವ ಇನ್ನೊಂದು ಅದನ್ನು 200 ಬಾರಿಗೂ ಮೇಲೆ ಹಿಂಡುತ್ತದೆ. ಅಲ್ಲಿ ಟ್ಯಾಂಕಿನ ಪಂಪ್ ಬದಲಿಸಿ ಫಲ ಸಿಗುವುದು ಮೊದಲ ಹಂತದ ಒತ್ತಡವೇ ಕುಸಿಯುತ್ತಿದೆ ಎಂದು ಗೇಜ್ ತೋರಿಸಿದಾಗ ಮಾತ್ರ. ಅದು ನೆಟ್ಟಗಿದ್ದು ಎರಡನೆಯದು ಬೀಳುತ್ತಿದ್ದರೆ ಕೈಹಾಕಬೇಕಾದದ್ದು ಎಂಜಿನ್ನಿನ ಮೇಲಿರುವ ಪಂಪಿಗೆ.