ವಾಯುನೆಲೆಗಳ ದ್ವಾರದಲ್ಲಿ ನಿವೃತ್ತ ಯುದ್ಧವಿಮಾನಗಳು

ಸೇವೆಯಿಂದ ನಿವೃತ್ತವಾದ ಯುದ್ಧವಿಮಾನವೊಂದನ್ನು ವಾಯುನೆಲೆಯ ಪ್ರವೇಶದ್ವಾರದ ಬಳಿ ಪೀಠದ ಮೇಲೆ ನಿಲ್ಲಿಸುವ ಪದ್ಧತಿ ಅನೇಕ ದೇಶಗಳಲ್ಲಿ ರೂಢಿಯಲ್ಲಿದೆ. ಬ್ರಿಟನ್ನಿನಲ್ಲಿ ಇವುಗಳಿಗೆ ‘ಗೇಟ್ ಗಾರ್ಡಿಯನ್’ ಎಂಬ ಹೆಸರೇ ಉಂಟು. ನಮ್ಮ ದೇವಾಲಯಗಳ ದ್ವಾರಪಾಲಕರನ್ನು ನೆನಪಿಗೆ ತರುವ ಈ ಹೆಸರು ಸೊಗಸಾಗಿದೆಯಾದರೂ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ದ್ವಾರಪಾಲಕ ವಿಗ್ರಹವು ಕಲ್ಲಿನದು. ವಿಮಾನವಾದರೋ ಅಲ್ಯೂಮಿನಿಯಂ ಮಿಶ್ರಲೋಹದ ತೆಳು ತಗಡಿನದು, ಬಯಲಿನಲ್ಲಿ ದಶಕಗಟ್ಟಲೆ ನಿಲ್ಲಲೆಂದು ರೂಪಿಸಿದ್ದಲ್ಲ.

ಪ್ರದರ್ಶನಕ್ಕಿಡುವ ಮುನ್ನ ವಿಮಾನದಿಂದ ಇಂಧನ ಮತ್ತು ತೈಲಗಳನ್ನು ಬಸಿದು, ಶಸ್ತ್ರಾಸ್ತ್ರಗಳನ್ನೂ ಚಾಲಕನ ಆಸನವನ್ನು ಹೊರಕ್ಕೆಸೆಯುವ ಸ್ಫೋಟಕಗಳನ್ನೂ ತೆಗೆಯಬೇಕಾಗುತ್ತದೆ. ಎರಡನೆಯ ಮಹಾಯುದ್ಧದ ಕಾಲದ ವಿಮಾನಗಳಲ್ಲಿ ಇನ್ನೊಂದು ಅಪಾಯವಿದೆ. ಕತ್ತಲಲ್ಲಿ ಹೊಳೆಯಲೆಂದು ಅವುಗಳ ಮಾಪಕಗಳ ಮುಖಕ್ಕೆ ರೇಡಿಯಂ ಬೆರೆಸಿದ ಬಣ್ಣವನ್ನು ಬಳಿಯುತ್ತಿದ್ದರು. ಎಂಜಿನ್ ತೆಗೆದರೆ ಭಾರಕೇಂದ್ರ ಸ್ಥಳಾಂತರಗೊಳ್ಳುವುದರಿಂದ ಬದಲಿ ಭಾರವನ್ನು ಇರಿಸಬೇಕಾಗಬಹುದು. ನಿಂತ ವಿಮಾನದ ರೆಕ್ಕೆಯೂ ಬಲವಾದ ಗಾಳಿಗೆ ಮೇಲೆತ್ತುವ ಬಲವನ್ನು ಪಡೆಯುತ್ತದೆ. ಪೀಠಕ್ಕೆ ಅದನ್ನು ಬಿಗಿಯುವುದು ಈ ಕಾರಣದಿಂದ.

ನಿಜವಾದ ಶತ್ರು ನೀರು. ಕೀಲುಗಳ ಸಂದಿಯಿಂದ ಒಳಸೇರಿದ ಮಳೆನೀರು ಹೊರಹೋಗಲು ದಾರಿಯಿಲ್ಲದೆ ತಳದಲ್ಲಿ ನಿಲ್ಲುತ್ತದೆ. ಅಲ್ಯೂಮಿನಿಯಂ ತಗಡಿಗೆ ಉಕ್ಕಿನ ಬೋಲ್ಟು ತಾಗಿರುವಲ್ಲಿ, ತೇವವಿದ್ದರೆ, ಆ ಜೋಡಿಯು ಪುಟ್ಟ ವಿದ್ಯುತ್‌ಕೋಶದಂತೆ ವರ್ತಿಸಿ ಅಲ್ಯೂಮಿನಿಯಂ ಸವೆಯತೊಡಗುತ್ತದೆ. ಗಾಳಿ ಸೇರುವ ಬಾಯಿಗಳಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ. ಅವುಗಳ ಹಿಕ್ಕೆಯೂ ಲೋಹವನ್ನು ತಿನ್ನುತ್ತದೆ. ಹೊರಗಿನ ಹೊಸ ಬಣ್ಣ ಈ ಒಳಗಿನ ಸವೆತವನ್ನು ಮುಚ್ಚಿಡುತ್ತದೆಯೇ ಹೊರತು ತಡೆಯುವುದಿಲ್ಲ.

ಬ್ರಿಟನ್ನಿನ ಅನುಭವ ಇಲ್ಲಿ ಗಮನಾರ್ಹ. 137 ಕಾರ್ಯಾಚರಣೆಗಳ ದಾಖಲೆಯುಳ್ಳ ‘ಆರ್ 5868’ ಲ್ಯಾಂಕಾಸ್ಟರ್ ಬಾಂಬರ್ 1959ರಿಂದ ಸ್ಕ್ಯಾಂಪ್ಟನ್ ನೆಲೆಯ ದ್ವಾರದಲ್ಲಿ ಬಯಲಿನಲ್ಲಿತ್ತು. ಅನಂತರ ಹೆಂಡನ್‌ನ ವಾಯುಪಡೆ ವಸ್ತುಸಂಗ್ರಹಾಲಯದ ಸೂರಿನಡಿ ಸೇರಿತು. ಟ್ಯಾಂಗ್‌ಮಿಯರ್ ಮತ್ತು ಬೆನ್ಸನ್ ನೆಲೆಗಳ ದ್ವಾರಗಳನ್ನು ಕಾದಿದ್ದ ‘ಟಿಇ 311’ ಸ್ಪಿಟ್‌ಫೈರ್, ದೀರ್ಘ ಪುನರುದ್ಧಾರದ ಬಳಿಕ 2012ರಲ್ಲಿ ಮತ್ತೆ ಹಾರಿತು. 1980ರ ದಶಕದ ಕೊನೆಯಿಂದ ಹಲವು ದ್ವಾರಗಳ ಅಸಲಿ ಸ್ಪಿಟ್‌ಫೈರ್‌ಗಳ ಜಾಗಕ್ಕೆ ಗಾಜಿನ ನಾರಿನ ಪ್ರತಿಕೃತಿಗಳು ಬಂದವು. ದ್ವಾರದಲ್ಲಿ ಕಾಣುವುದು ಆಕಾರ ಮಾತ್ರವಾದ್ದರಿಂದ ಈ ನಿರ್ಧಾರ ವಿವೇಕಯುತವೆಂದೇ ಹೇಳಬೇಕು, ಅಲ್ಲಿನ ನಿವೃತ್ತ ವೈಮಾನಿಕರಿಗೆ ಅದು ರುಚಿಸದಿದ್ದರೂ.

ಕರ್ನಾಟಕಕ್ಕೆ ಈ ಪ್ರಶ್ನೆ ದೂರದ್ದಲ್ಲ. ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯಲ್ಲಿ ರೂಪುಗೊಂಡ ಎಚ್‌ಎಫ್-24 ‘ಮಾರುತ’ 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿತು. ತಯಾರಾದದ್ದು 147 ಮಾತ್ರ. 1971ರ ಯುದ್ಧದಲ್ಲಿ ರಾಜಸ್ಥಾನದ ರಂಗದಲ್ಲಿ ಹೋರಾಡಿ, 1990ರ ವೇಳೆಗೆ ಸೇವೆಯಿಂದ ಮರೆಯಾಯಿತು. ಈ ಮಾದರಿಯನ್ನು ಮತ್ತೆ ಯಾರೂ ತಯಾರಿಸುವುದಿಲ್ಲ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಆವರಣದಲ್ಲಿ ಮಕ್ಕಳು ಕಂಡು ಬೆರಗಾಗುವ ಮಾರುತ ಆದ್ದರಿಂದ ಅಲಂಕಾರದ ವಸ್ತುವಲ್ಲ, ಮೂಲ ದಾಖಲೆ. ಒಳಗಿನ ರಚನೆಯ ತಪಾಸಣೆ, ನೀರು ಹರಿದುಹೋಗುವ ರಂಧ್ರಗಳ ಶುಚಿತ್ವ, ಸಂದಿಗಳ ಮುಚ್ಚುಗೆ ಇವು ದುಬಾರಿ ಕೆಲಸಗಳಲ್ಲ. ಮಳೆಗಾಲಕ್ಕೆ ಮುನ್ನ ವರ್ಷಕ್ಕೊಮ್ಮೆ ಮಾಡಬಹುದಾದವು.

1963ರಲ್ಲಿ ಭಾರತೀಯ ವಾಯುಪಡೆಗೆ ಬಂದ ಮಿಗ್-21, 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಡುಗೆ ಪಡೆಯಿತು. ಅವುಗಳಲ್ಲಿ ಯಾವುದನ್ನು ದ್ವಾರಕ್ಕೆ ಕೊಡಬಹುದು, ಯಾವುದನ್ನು ಸೂರಿನಡಿಯೇ ಉಳಿಸಬೇಕು ಎಂಬುದನ್ನು ಪೀಠ ಕಟ್ಟುವ ಮೊದಲೇ ನಿಶ್ಚಯಿಸಬೇಕಾಗಿದೆ.